ಸುದ್ದಿಯ ಸರದಿ ನನ್ನ ಕೈಯಲ್ಲಿ

ಸರದಿ ಹಾಕುವ ಸಾಫ್ಟ್‌ವೇರ್ ಬರೆಯುವುದೇ ನನ್ನ ಹೊಟ್ಟೆಪಾಡು. ಹೊರ ವರ್ತುಲ ರಸ್ತೆಯ ಒಂದು ಕಂಪನಿಯಲ್ಲಿದ್ದೇನೆ. ಆನ್‌ಲೈನ್ ಅಂಗಡಿಯ ಪುಟ ತೆರೆದ ಕೂಡಲೇ ಯಾವ ಸಾಮಾನು ಮೇಲೆ ಕಾಣಬೇಕು, ಯಾವುದು ಕೆಳಗಿಳಿಯಬೇಕು ಎಂದು ಲೆಕ್ಕ ಹಾಕುವ ಕೋಡ್ ನಮ್ಮ ತಂಡದ್ದು. ಈ ಗಿರಾಕಿ ಇದನ್ನು ಒತ್ತುವ ಸಂಭವ ಎಷ್ಟು, ಕೊಳ್ಳುವ ಸಂಭವ ಎಷ್ಟು ಎಂದು ಅಂದಾಜು ಮಾಡುತ್ತೇವೆ. ಒಂದೊಂದಕ್ಕೂ ಒಂದು ತೂಕ ಕೊಟ್ಟು ಗುಣಿಸಿ, ಕೂಡಿಸಿ, ದೊಡ್ಡ ಸಂಖ್ಯೆಯಿಂದ ಸಣ್ಣದಕ್ಕೆ ಜೋಡಿಸಿದರೆ ಪುಟ ಸಿದ್ಧ. ಕುಕ್ಕರ್ ಮಾರುವಾಗ ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ನನ್ನ ಊರಿನ ಸುದ್ದಿಯನ್ನೂ ಇದೇ ಲೆಕ್ಕದಲ್ಲಿ ಜೋಡಿಸಿ ನನ್ನ ಮುಂದೆ ಇಡುತ್ತಿದ್ದಾರೆ ಎಂಬ ವಿಚಾರ ವರ್ಷಗಟ್ಟಲೆ ಕಾಡಿತು. ಕೊನೆಗೆ ಆ ಸರದಿಯನ್ನು ನಾನೇ ಹಾಕಿಕೊಳ್ಳಲು ಶುರು ಮಾಡಿದೆ. ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕೆಲಸದ ಒಳಗಿರುವವರಿಗೆ ಇದರಲ್ಲಿ ಗುಟ್ಟೇನೂ ಇಲ್ಲ. ಫೇಸ್‌ಬುಕ್ ತನ್ನ ನ್ಯೂಸ್ ಫೀಡ್ ತಂದದ್ದು 2006ರಲ್ಲಿ. ಟ್ವಿಟರ್ (ಈಗಿನ ಎಕ್ಸ್) ಬಹಳ ಕಾಲ ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ಕ್ರಮದಲ್ಲೇ ನಡೆದು, 2016ರಲ್ಲಿ ಲೆಕ್ಕದ ಸರದಿಗೆ ಹೊರಳಿತು. 2023ರ ಮಾರ್ಚ್ 31ರಂದು ಅದು ತನ್ನ ಶಿಫಾರಸು ಕೋಡ್‌ನ ಒಂದು ಭಾಗವನ್ನು ಸಾರ್ವಜನಿಕವಾಗಿ ತೆರೆದಿಟ್ಟಾಗ, ನಾವು ಹಲವರು ಕೆಲಸ ಬದಿಗಿಟ್ಟು ಅದನ್ನೇ ಓದಿದೆವು. ಕೋಟಿಗಟ್ಟಲೆ ಟ್ವೀಟುಗಳಿಂದ ಸುಮಾರು 1,500 ಆರಿಸಿ, ಹತ್ತಿರ ಹತ್ತಿರ 4.8 ಕೋಟಿ ಪ್ಯಾರಾಮೀಟರುಗಳ (ಕಲಿತು ಹೊಂದಿಸಿಕೊಂಡ ಒಳ ಅಂಕಿಗಳ) ನ್ಯೂರಲ್ ನೆಟ್‌ವರ್ಕ್‌ನಿಂದ ಅಂಕ ಕೊಡಿಸಿ ಜೋಡಿಸುತ್ತಿದ್ದರು. ನೀವು ಲೈಕ್ ಒತ್ತುತ್ತೀರಾ, ಉತ್ತರ ಬರೆಯುತ್ತೀರಾ ಎಂಬುದರ ಮೇಲೆ ಅಂಕ. ಈ ಸುದ್ದಿ ನಿಮಗೆ ನಾಳೆ ಉಪಯೋಗಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಫೇಸ್‌ಬುಕ್‌ನಲ್ಲಿ 2017ರಿಂದ ಎಮೊಜಿ ಪ್ರತಿಕ್ರಿಯೆಗಳಿಗೆ, ಕೋಪದ ಮುಖವೂ ಸೇರಿ, ಬರೀ ಲೈಕ್‌ಗಿಂತ ಐದು ಪಟ್ಟು ತೂಕ ಇತ್ತು ಎಂಬುದು 2021ರಲ್ಲಿ ಹೊರಬಿದ್ದ ಒಳದಾಖಲೆಗಳಿಂದ ಗೊತ್ತಾಯಿತು. 2020ರಲ್ಲಿ ಕೋಪದ ತೂಕವನ್ನು ಸೊನ್ನೆಗಿಳಿಸಿದ್ದರು. ಆದರೂ ಅಷ್ಟು ಕಾಲ ಯಾವನೋ ಒಬ್ಬ ಎಂಜಿನಿಯರ್ ಬರೆದ ಒಂದು ಅಂಕಿ, ಕೋಟ್ಯಂತರ ಮನೆಗಳಲ್ಲಿ ಯಾವ ಸುದ್ದಿ ಮೇಲೆ ಬರಬೇಕು ಎಂದು ನಿರ್ಧರಿಸುತ್ತಿತ್ತು. ಅಂಥ ಅಂಕಿಗಳನ್ನು ದಿನವೂ ತಿದ್ದುವವಳು ನಾನು. ಎಷ್ಟು ಸಲೀಸಾಗಿ ತಿದ್ದುತ್ತೇವೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಪತ್ರಿಕೆಯ ಮುಖಪುಟವೂ ಯಾರೋ ಜೋಡಿಸಿದ ಸರದಿಯೇ ಅಲ್ಲವೇ ಎಂದು ಕಚೇರಿಯ ಗೆಳೆಯರು ಕೇಳುತ್ತಾರೆ. ಹೌದು. ಆದರೆ 1867ರ ಮುದ್ರಣ ಕಾಯ್ದೆಯ ಪ್ರಕಾರ ಪತ್ರಿಕೆಯ ಪ್ರತಿಯೊಂದು ಪ್ರತಿಯಲ್ಲೂ ಸಂಪಾದಕರ ಹೆಸರು ಅಚ್ಚಾಗಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್ 1ರಿಂದ ಹೊಸದು ಬಂದಿದೆ. ಕೊನೆಯ ಪುಟದ ಕೆಳಗಿನ ಆ ಸಣ್ಣ ಅಕ್ಷರದ ಸಾಲಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಸರದಿ ಹಾಕಿದವರು ಯಾರು ಎಂದು ಗೊತ್ತಿದ್ದರೆ ಜಗಳವಾಡಬಹುದು, ಪತ್ರ ಬರೆಯಬಹುದು, ಕೋರ್ಟಿಗೂ ಹೋಗಬಹುದು. ಫೋನಿನ ಪರದೆಯಲ್ಲಿ ಅಂಥ ಸಾಲು ಇಲ್ಲ.

ಯೋಚನೆ ಕೆಲಸವಾಗಿ ಬದಲಾದದ್ದು 2024ರ ಬೇಸಿಗೆಯಲ್ಲಿ. ನಮ್ಮ ಮನೆ ಮಹದೇವಪುರದ ಆಚೆ, 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿದೆ. ಆಗ ನಮಗೆ ಕಾವೇರಿ ಸಂಪರ್ಕ ಇರಲಿಲ್ಲ. ಕೊಳವೆಬಾವಿ, ಇಲ್ಲವೇ ಟ್ಯಾಂಕರ್. ನಗರಕ್ಕೆ ದಿನಕ್ಕೆ 2,600 ದಶಲಕ್ಷ ಲೀಟರ್ ನೀರು ಬೇಕು, 500 ದಶಲಕ್ಷ ಲೀಟರ್ ಕೊರತೆ ಇದೆ, 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ತಿಂಗಳು ಅದು. ನನ್ನ ಫೋನ್ ತುಂಬ ಖಾಲಿ ಬಕೆಟ್ಟುಗಳ ವಿಡಿಯೊ, ಬೆಂಗಳೂರು ಮುಗಿಯಿತು ಎನ್ನುವವರು, ಬೇರೆ ರಾಜ್ಯಕ್ಕೆ ಬನ್ನಿ ಎಂದು ಕಂಪನಿಗಳನ್ನು ಕರೆಯುವವರು. ಒಂದು ವಿಡಿಯೊ ನೋಡಿದರೆ ಅಂಥವೇ ಇನ್ನೂ ಹತ್ತು ಬರುತ್ತಿದ್ದವು. ಅದೇ ತಿಂಗಳು ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತ್ತು: 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಟ್ಯಾಂಕರಿನವರ ಹತ್ತಿರ ಚೌಕಾಸಿ ಮಾಡುವ ನಮ್ಮ ಬೀದಿಯವರಿಗೆ ಬೇಕಿದ್ದದ್ದು ಆ ದರಪಟ್ಟಿ. ಅದು ನನ್ನ ಫೋನಿನಲ್ಲಿ ಮೇಲೆ ಬರಲೇ ಇಲ್ಲ. ಬರುವ ಕಾರಣವೂ ಇರಲಿಲ್ಲ. ದರಪಟ್ಟಿಗೆ ಯಾರೂ ಕೋಪದ ಮುಖ ಒತ್ತುವುದಿಲ್ಲ. ನಮಗೆ ಅದು ಸಿಕ್ಕಿದ್ದು ಪಕ್ಕದ ಮನೆಯವರ ಪತ್ರಿಕೆಯ ಒಳಪುಟದಲ್ಲಿ.

ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿರಲಿಲ್ಲ. ಆರ್‌ಎಸ್‌ಎಸ್ ಫೀಡ್ ಎಂಬುದು ನನ್ನ ಕಾಲೇಜು ದಿನಗಳಿಗೂ ಹಿಂದಿನದು. ಹೆಸರು ಕೇಳಿ ಸಂಘಟನೆ ಎಂದುಕೊಳ್ಳಬೇಡಿ, ಇದು ತಂತ್ರಜ್ಞಾನ. ಒಂದು ತಾಣದಲ್ಲಿ ಹೊಸದಾಗಿ ಪ್ರಕಟವಾದದ್ದರ ಶೀರ್ಷಿಕೆ, ಕೊಂಡಿ, ಸಮಯ, ಸಾರಾಂಶ ಇಷ್ಟನ್ನು ಯಂತ್ರಕ್ಕೆ ಓದಲು ಬರುವಂತೆ ಬರೆದಿಟ್ಟ ಕಡತ. ನೆಟ್‌ಸ್ಕೇಪ್ 1999ರಲ್ಲಿ ಇದನ್ನು ತಂದಿತು, 2002ರಲ್ಲಿ ಇದರ 2.0 ಆವೃತ್ತಿ ಬಂತು. ಫೀಡ್ ಓದಲು ಬಹಳ ಜನ ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಾಗ, ಫೀಡ್ ಕಾಲವೇ ಮುಗಿಯಿತು ಎಂದುಕೊಂಡವರು ಅನೇಕರು. ಮುಗಿಯಲಿಲ್ಲ. ಇವತ್ತಿಗೂ ಪಾಡ್‌ಕಾಸ್ಟುಗಳು ಕೇಳುಗರನ್ನು ತಲುಪುವುದು ಇದೇ ಫೀಡಿನ ಮೂಲಕ. ಅನೇಕ ಪತ್ರಿಕೆಗಳ ತಾಣಗಳಲ್ಲಿ ಫೀಡ್ ಈಗಲೂ ಇದೆ. ಪುಟದ ಮೂಲ ಕೋಡ್ ತೆರೆದು ಹುಡುಕಿದರೆ ಸಿಗುತ್ತದೆ.

ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಒಂದು ರಾಸ್ಪ್‌ಬೆರಿ ಪೈ ತೆಗೆದುಕೊಂಡೆ. ಅಂಗೈಯಗಲದ ಕಂಪ್ಯೂಟರ್, ವಿದ್ಯುತ್ ಬಹಳ ಕಡಿಮೆ ಸಾಕು. ವೈಫೈ ರೂಟರಿಗೆ ಇಟ್ಟಿದ್ದ ಸಣ್ಣ ಯುಪಿಎಸ್‌ಗೇ ಅದನ್ನೂ ಸೇರಿಸಿದೆ, ಕರೆಂಟ್ ಹೋದರೂ ನಡೆಯುತ್ತದೆ. ಅದರಲ್ಲಿ ಫ್ರೆಶ್‌ಆರ್‌ಎಸ್‌ಎಸ್ ಎಂಬ, ಫೀಡುಗಳನ್ನು ಓದಿಸುವ ಮುಕ್ತ ತಂತ್ರಾಂಶ ಹಾಕಿದೆ. ಇಷ್ಟು ಒಂದು ಸಂಜೆಯ ಕೆಲಸ, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಫ್ಟ್‌ವೇರ್ ಗೊತ್ತಿಲ್ಲದವರು ಫೋನಿನಲ್ಲೇ ನಡೆಯುವ ಯಾವುದಾದರೂ ಫೀಡ್ ರೀಡರ್ ಆ್ಯಪ್ ಹಾಕಿಕೊಂಡರೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಆದರೆ ಒಂದನ್ನು ಮಾತ್ರ ನೋಡಿಕೊಳ್ಳಿ: ಪಟ್ಟಿಯನ್ನು ಹೊರಗೆ ತೆಗೆದುಕೊಳ್ಳಲು ಬಿಡುವ ಆ್ಯಪ್ ಆಗಿರಬೇಕು. ಫೀಡುಗಳ ಪಟ್ಟಿ ಒಪಿಎಂಎಲ್ ಎಂಬ ಸಣ್ಣ ಕಡತದಲ್ಲಿ ಬರುತ್ತದೆ. ಆ ಕಡತ ನಿಮ್ಮ ಹತ್ತಿರ ಇದ್ದರೆ ಯಾವ ಆ್ಯಪ್ ನಿಂತರೂ ಇನ್ನೊಂದಕ್ಕೆ ಹೋಗಬಹುದು.

ನಿಜವಾಗಿ ತಿಂಗಳುಗಟ್ಟಲೆ ಕೂತದ್ದು ಕನ್ನಡದ ಅಕ್ಷರಗಳ ಜೊತೆ.

ನೀರಿನ ಸುದ್ದಿಯೆಲ್ಲ ಒಂದು ಕಡೆ ಬೀಳಲಿ ಎಂದು ‘ನೀರು’ ಎಂಬ ಪದ ಹುಡುಕಿ ಬೇರೆ ಮಾಡುವ ನಿಯಮ ಬರೆದೆ. ಕೆಲವು ತಾಣಗಳ ಸುದ್ದಿ ಕಣ್ಣಿಗೆ ಕಾಣುತ್ತಿದ್ದರೂ ನಿಯಮಕ್ಕೆ ಸಿಗುತ್ತಿರಲಿಲ್ಲ. ಕಾರಣ, ಅಕ್ಷರಗಳಿಗೆ ಸಂಖ್ಯೆ ಕೊಟ್ಟಿಡುವ ಪದ್ಧತಿಯಾದ ಯುನಿಕೋಡ್‌ನಲ್ಲೇ ಇದೆ. ‘ನೀ’ ಎಂಬ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯಬಹುದು: ನಕಾರಕ್ಕೆ ಈಕಾರದ ಒಂದೇ ಚಿಹ್ನೆ ಹಚ್ಚಿ, ಇಲ್ಲವೇ ನಕಾರಕ್ಕೆ ಗುಡಿಸು ಹಚ್ಚಿ ಅದರ ಪಕ್ಕ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಇಟ್ಟು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ. ‘ಕಾವೇರಿ’ಯ ಏಕಾರಕ್ಕೂ, ಐಕಾರ, ಒಕಾರ, ಓಕಾರಗಳಿಗೂ ಹೀಗೆಯೇ ಒಡೆದ ರೂಪಗಳಿವೆ. ಹಳೆಯ ಫಾಂಟುಗಳಲ್ಲಿ ದೀರ್ಘ ಬೇರೆ ತುಂಡಾಗಿಯೇ ಇರುತ್ತಿತ್ತು. ಆ ಕಾಲದ ಪಠ್ಯವನ್ನು ಯುನಿಕೋಡಿಗೆ ತಂದಾಗ ತುಂಡುಗಳು ತುಂಡುಗಳಾಗಿಯೇ ಉಳಿದುಬಿಡುವುದುಂಟು. ಪರಿಹಾರ ಸಣ್ಣದು. ಪ್ರೋಗ್ರಾಮ್ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ಪಠ್ಯವನ್ನು ನಾರ್ಮಲೈಸ್ ಮಾಡುವ, ಎಂದರೆ ಒಂದೇ ರೂಪಕ್ಕೆ ತರುವ, ಒಂದು ಸಿದ್ಧ ಆಜ್ಞೆ ಇದೆ, ಎನ್‌ಎಫ್‌ಸಿ ರೂಪಕ್ಕೆ ತಂದರೆ ಒಡೆದದ್ದೆಲ್ಲ ಕೂಡಿಕೊಳ್ಳುತ್ತದೆ. ಹಾಗಾಗಿ ಫೀಡುಗಳು ನೇರವಾಗಿ ರೀಡರಿಗೆ ಹೋಗದೆ, ನನ್ನ ಒಂದು ಸಣ್ಣ ಪ್ರೋಗ್ರಾಮಿನ ಮೂಲಕ ಹಾದು ಹೋಗುವಂತೆ ಮಾಡಿದೆ.

ನಾರ್ಮಲೈಸ್ ಮಾಡಿದರೂ ಕಣ್ಣಿಗೆ ಕಾಣದ ಎರಡು ಚಿಹ್ನೆಗಳು ಉಳಿಯುತ್ತವೆ: ಅಕ್ಷರಗಳು ಒತ್ತಾಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ ಒಂದು, ಕೂಡಿಸುವುದು ಇನ್ನೊಂದು. ಇವನ್ನು ಒಂದು ಪತ್ರಿಕೆ ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಹುಡುಕುವಾಗ ಎರಡನ್ನೂ ತೆಗೆದು ಹೋಲಿಸಬೇಕು, ಓದಲು ತೋರಿಸುವಾಗ ಇದ್ದ ಹಾಗೇ ಬಿಡಬೇಕು. ತೆಗೆದು ತೋರಿಸಿದರೆ ಓದುವವರಿಗೆ ಒತ್ತಕ್ಷರ ಕೆಟ್ಟು ಕಾಣುತ್ತದೆ.

ಆಮೇಲೆ ವಿಭಕ್ತಿ. ಇಂಗ್ಲಿಷಿಗೆ ಮಾಡಿದ ಹುಡುಕಾಟದ ಸಲಕರಣೆಗಳು ಪದ ಇದ್ದ ಹಾಗೇ ಸಿಗುತ್ತದೆ ಎಂದುಕೊಂಡಿರುತ್ತವೆ. ನಮ್ಮಲ್ಲಿ ನೀರಿನ, ನೀರಿಗೆ, ನೀರಿಲ್ಲದೆ, ನೀರಾವರಿ ಎಂದು ಹೋಗುತ್ತದೆ. ‘ನೀರ’ ಎಂಬಷ್ಟನ್ನೇ ಹುಡುಕಿದರೆ ಎಲ್ಲವೂ ಸಿಗುತ್ತದೆ, ಜೊತೆಗೆ ನೀರಜ್ ಚೋಪ್ರಾ ಕೂಡ. 2025ರ ಜುಲೈ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ಅವರ ಹೆಸರಿನ ಜಾವೆಲಿನ್ ಕೂಟ ನಡೆದ ವಾರ ನನ್ನ ನೀರಿನ ವಿಭಾಗದಲ್ಲಿ ಭರ್ಜಿ ಎಸೆತದ ಸುದ್ದಿಯೇ ತುಂಬಿತ್ತು. ‘ನೀರ’ದ ಮುಂದೆ ಉಕಾರ, ಇಕಾರ ಬಂದರೆ ಮಾತ್ರ ತೆಗೆದುಕೋ, ‘ನೀರಾವರಿ’ಯನ್ನು ಪೂರ್ತಿ ಪದವಾಗಿ ತೆಗೆದುಕೋ ಎಂದು ನಿಯಮ ಬಿಗಿ ಮಾಡಿದೆ. ಅಡುಗೆ ಅಂಕಣಗಳ ಪನೀರ್ ಕೂಡ ಆಗಲೇ ಹೊರಗೆ ಹೋಯಿತು. ಕನ್ನಡದ ಪದಗಳನ್ನು ಅವುಗಳ ಎಲ್ಲ ರೂಪಗಳಲ್ಲೂ ಗುರುತಿಸುವ ಒಳ್ಳೆಯ ಮುಕ್ತ ಸಲಕರಣೆಗಳು ನಮಗೆ ಇನ್ನೂ ಬೇಕು. ಈ ಊರಿನಲ್ಲಿ ಇಷ್ಟು ಲಕ್ಷ ಎಂಜಿನಿಯರುಗಳಿದ್ದೇವೆ. ಇದನ್ನು ಬೇರೆ ಯಾವ ಊರಿನವರು ಬಂದು ಮಾಡಿಕೊಡಬೇಕು?

ಅಕ್ಷರ ಸರಿಹೋದ ಮೇಲೆ ಸರದಿ. ಹೊಸದು ಮೇಲೆ ಎಂಬ ಕಾಲದ ಕ್ರಮವೇ ನ್ಯಾಯವಾದದ್ದು ಎಂದು ಅನೇಕರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ಅರ್ಧ ಸತ್ಯ. ಟಿವಿ ವಾಹಿನಿಗಳ ತಾಣಗಳು ಗಂಟೆಗೆ ಎಷ್ಟೋ ಸುದ್ದಿ ಹಾಕುತ್ತವೆ. ನೀರು, ಭೂಮಿ, ಪಂಚಾಯಿತಿ ಎಂದು ಕೆಲಸ ಮಾಡುವ ಒಬ್ಬ ಒಳ್ಳೆಯ ವರದಿಗಾರರು ವಾರಕ್ಕೊಂದು ಬರೆಯುತ್ತಾರೆ. ಬರೀ ಸಮಯದ ಕ್ರಮದಲ್ಲಿ ಇಟ್ಟರೆ ಕೆ.ಆರ್. ಮಾರುಕಟ್ಟೆಯಲ್ಲಿ ಕೂಗಿ ಮಾರುವವರ ನಡುವೆ ಸುಮ್ಮನೆ ಕೂತ ಸೊಪ್ಪಿನಜ್ಜಿಯ ಗತಿಯೇ ಆ ವರದಿಗೆ. ಅದಕ್ಕೆ ನಾನು ಮೂಲಗಳನ್ನು ಅವು ಬರೆಯುವ ವೇಗದ ಪ್ರಕಾರ ಬೇರೆ ಮಾಡಿದೆ. ನಿಧಾನವಾಗಿ ಬರೆಯುವವರದು ಮೊದಲ ಕಪಾಟು, ಅಲ್ಲಿ ಬಂದದ್ದು ನಾನು ಓದುವವರೆಗೆ ಹೋಗುವುದಿಲ್ಲ. ದಿನಪತ್ರಿಕೆಗಳದು ಎರಡನೆಯದು, ಎರಡು ದಿನ ಕಳೆದರೆ ತಾನೇ ಓದಿದ ಲೆಕ್ಕಕ್ಕೆ ಸೇರುತ್ತದೆ. ವಾಹಿನಿಗಳದು ಮೂರನೆಯದು, ಬೇಕೆಂದಾಗ ಮಾತ್ರ ತೆರೆಯುತ್ತೇನೆ. ಎಣಿಕೆ ತೋರಿಸುವ ಕೆಂಪು ಚುಕ್ಕೆಗಳನ್ನೆಲ್ಲ ಆರಿಸಿದ್ದೇನೆ. ಫೋನಿನ ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ಬಂದ್. ಬೆಳಿಗ್ಗೆ ಕಾಫಿ ಹೊತ್ತಿಗೆ ಒಮ್ಮೆ, ಸಂಜೆ ಮೆಟ್ರೊದಲ್ಲಿ ಒಮ್ಮೆ ಓದುತ್ತೇನೆ, ಅಷ್ಟೇ.

ಫೀಡಿನಲ್ಲಿ ಹಲವು ಕಡೆ ಸಾರಾಂಶ ಮಾತ್ರ ಬರುತ್ತದೆ, ಪೂರ್ತಿ ಓದಲು ತಾಣಕ್ಕೇ ಹೋಗಬೇಕು. ಅದು ಸರಿ ಎಂದೇ ನನ್ನ ಅಭಿಪ್ರಾಯ. ಪೂರ್ತಿ ಪಠ್ಯವನ್ನು ಎಳೆದು ತರುವ ಉಪಾಯ ನನಗೆ ಗೊತ್ತಿದೆ, ಬಳಸುವುದಿಲ್ಲ. ದಿನವೂ ಓದುವ ಎರಡು ಕಡೆ ಚಂದಾ ಕಟ್ಟಿದ್ದೇನೆ, ಅದರಲ್ಲಿ ಒಂದು ಕನ್ನಡದ್ದು. ವರದಿಗಾರರ ಸಂಬಳ ಎಲ್ಲಿಂದಲಾದರೂ ಬರಬೇಕು. ಜಾಹೀರಾತೊಂದರಿಂದಲೇ ಬಂದರೆ, ನನ್ನ ಕಂಪನಿಯಲ್ಲಿ ಏನಾಗುತ್ತದೋ ಸುದ್ದಿಮನೆಯಲ್ಲೂ ಅದೇ ಆಗುತ್ತದೆ: ಒತ್ತಿಸಿಕೊಳ್ಳುವುದು ಮೇಲೆ ಬರುತ್ತದೆ.

ನನಗೆ ಹೆಚ್ಚು ಪ್ರಯೋಜನವಾದದ್ದು ಪತ್ರಿಕೆಗಳ ಆಚೆಯ ಮೂಲಗಳು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಈ ನಗರಕ್ಕೆ ಚುನಾಯಿತ ಕೌನ್ಸಿಲ್ ಇರಲಿಲ್ಲ. 2025ರ ಮೇ 15ಕ್ಕೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು, ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳಾದವು. ಕಾರ್ಪೊರೇಟರ್ ಮನೆ ಬಾಗಿಲು ತಟ್ಟಿ ಕೇಳುವ ದಾರಿ ಇಲ್ಲದಾಗ, ನಮ್ಮ ಬೀದಿಗೆ ಸಂಬಂಧಿಸಿದ ತೀರ್ಮಾನಗಳು ಅಧಿಸೂಚನೆಗಳಲ್ಲೇ ಕಾಣಬೇಕು. ರಾಜ್ಯಪತ್ರ, ಹೈಕೋರ್ಟ್ ತೀರ್ಪುಗಳು, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೊಡುವ ಜಲಾಶಯಗಳ ಮಟ್ಟ, ಇವೆಲ್ಲ ಸಾರ್ವಜನಿಕ, ಆದರೆ ಇವಕ್ಕೆ ಫೀಡ್ ಇಲ್ಲ. ದಿನಕ್ಕೊಮ್ಮೆ ಪುಟ ನೋಡಿ, ಹೊಸದೇನಾದರೂ ಬಂದಿದ್ದರೆ ಅದನ್ನೇ ಫೀಡ್ ಮಾಡುವ ಪ್ರೋಗ್ರಾಮ್ ಬರೆದೆ. ದಿನಕ್ಕೊಮ್ಮೆ ಎಂದರೆ ಒಮ್ಮೆಯೇ. ಸರ್ಕಾರಿ ಸರ್ವರುಗಳನ್ನು ನಿಮಿಷಕ್ಕೊಮ್ಮೆ ತಟ್ಟಿದರೆ ಬೇರೆಯವರ ಕೆಲಸ ನಿಲ್ಲುತ್ತದೆ.

ಹಲವು ಆದೇಶಗಳು ಸಹಿ, ಮೊಹರು ಬಿದ್ದ ಕಾಗದದ ಫೋಟೊ ಆಗಿರುತ್ತವೆ. ಅದರಲ್ಲಿ ಪದ ಹುಡುಕಲು ಆಗುವುದಿಲ್ಲ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. ಅಚ್ಚು ಶುದ್ಧವಾಗಿದ್ದರೆ ಚೆನ್ನಾಗಿಯೇ ಓದುತ್ತದೆ. ಓರೆಯಾಗಿ ಸ್ಕ್ಯಾನ್ ಮಾಡಿದ್ದರೆ ಒತ್ತಕ್ಷರಗಳಲ್ಲಿ ಎಡವುತ್ತದೆ. ಪುಟವನ್ನು ನೇರ ಮಾಡಿ, ಕಪ್ಪು ಬಿಳುಪಿಗೆ ತಂದು ಕೊಟ್ಟರೆ ಹುಡುಕಲು ಸಾಕಾಗುವಷ್ಟು ಸರಿಹೋಗುತ್ತದೆ. ಓದುವುದು ಮಾತ್ರ ಮೂಲ ಕಾಗದವನ್ನೇ. ಯಂತ್ರ ಓದಿದ ಅಂಕಿಯನ್ನು ನಂಬಿ ನಾನು ಯಾರಿಗೂ ಏನನ್ನೂ ಹೇಳುವುದಿಲ್ಲ.

ಹೀಗೆ ಓದಲು ತೊಡಗಿದ ಮೇಲೆ ನೀರಿನ ಕಥೆ ನನಗೆ ಬೇರೆಯಾಗಿ ಕಾಣತೊಡಗಿತು. ನಮ್ಮ 110 ಹಳ್ಳಿಗಳಿಗೆಂದೇ ಕಾವೇರಿ ಐದನೇ ಹಂತ ಇದೆ, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, 2024ರ ಅಕ್ಟೋಬರ್ 16ಕ್ಕೆ ಉದ್ಘಾಟನೆಯಾಯಿತು. ವಿಡಿಯೊಗಳಲ್ಲಿ ಬೇಸಿಗೆ ಬಂದರೆ ಬಿಕ್ಕಟ್ಟು, ಮಳೆ ಬಂದರೆ ಪ್ರವಾಹ. ನಡುವಿನ ಪೈಪ್‌ಲೈನ್, ಸಂಪರ್ಕ ಶುಲ್ಕ, ಯಾವ ಬಡಾವಣೆಗೆ ಯಾವಾಗ ಎಂಬ ವಿಷಯ ಅಲ್ಲಿ ಬರುವುದೇ ಇಲ್ಲ. ಅದು ಬರುವುದು ಪ್ರಕಟಣೆಗಳಲ್ಲಿ, ನಾಲ್ಕೇ ಸಾಲಿನ ಸುದ್ದಿಗಳಲ್ಲಿ. ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ಈಗ ಕೂಗಾಟ ಕಡಿಮೆ. ಯಾರಾದರೂ ಏನಾದರೂ ಹೇಳಿದರೆ ಕಾಗದ ತೆರೆದು ನೋಡುತ್ತೇವೆ.

ಮನೆಯೊಳಗೂ ಒಂದು ಉಪಯೋಗವಾಯಿತು. ಹನುಮಂತನಗರದಲ್ಲಿರುವ ದೊಡ್ಡಮ್ಮ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದದ್ದನ್ನೆಲ್ಲ ನನಗೆ ಕಳಿಸಿ, “ಇದು ನಿಜಾನೇನೇ ಪುಟ್ಟಿ?” ಎಂದು ಕೇಳುತ್ತಾರೆ. ಬಹಳಷ್ಟು ಸುಳ್ಳಲ್ಲ, ಹಳೆಯವು: ದಿನಾಂಕ ಕತ್ತರಿಸಿದ ಪ್ರಕಟಣೆಗಳು. ನಾನು ಉಳಿಸಿಟ್ಟ ಫೀಡುಗಳಲ್ಲಿ ಎರಡು ಪದ ಹುಡುಕಿದರೆ ಮೂಲ ದಿನಾಂಕ ಸಮೇತ ಸಿಗುತ್ತದೆ. “ದೊಡ್ಡಮ್ಮ, ಇದು ಹೋದ ವರ್ಷದ್ದು” ಎಂದು ಕೊಂಡಿ ಕಳಿಸಿದರೆ ಅವರೇ ಗುಂಪಿನಲ್ಲಿ ಹಾಕುತ್ತಾರೆ. ನಾನು ಹಾಕಿದರೆ ಚಿಕ್ಕವಳು ಬುದ್ಧಿ ಹೇಳಿದಂತೆ, ಅವರು ಹಾಕಿದರೆ ಎಲ್ಲರೂ ಓದುತ್ತಾರೆ.

ಇದನ್ನು ಸಣ್ಣ ವಿಷಯ ಎಂದು ನಾನು ಭಾವಿಸುವುದಿಲ್ಲ. 2012ರ ಆಗಸ್ಟಿನಲ್ಲಿ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಈ ಊರಿನಿಂದ ಗುವಾಹಟಿ ರೈಲು ಹತ್ತಿದರು. ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೇಂದ್ರ ಸರ್ಕಾರ ಆಗ 15 ದಿನ ತಡೆ ಹಾಕಿತು. 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ಹರಿದಾಡುತ್ತಿದ್ದಾಗ, ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ದೇಶದ ಬೇರೆ ಕಡೆಯೂ ಇಂಥ ಸಾವುಗಳಾದ ಮೇಲೆ, ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ತಂದಿತು. ಕೋಡ್‌ನಲ್ಲಿ ಬದಲಾದದ್ದು ಒಂದು ಅಂಕಿ. ಅದು ಮೊದಲೇ ಐದು ಆಗಿರಬಹುದಿತ್ತು. ನನ್ನ ತಂಡಕ್ಕೆ ಹೊಸಬರು ಸೇರಿದಾಗ ಚಾಮರಾಜಪೇಟೆಯ ಈ ಸುದ್ದಿಯನ್ನು ಓದಲು ಕೊಡುತ್ತೇನೆ. ಆಮೇಲೆ ನಮ್ಮ ಕೋಡ್‌ನಲ್ಲಿರುವ ತೂಕಗಳ ಕಡತ ತೆರೆದು, ಒಂದೊಂದು ಅಂಕಿಯನ್ನೂ ಯಾರು, ಯಾಕೆ ಇಟ್ಟರು ಎಂದು ಅದರ ಪಕ್ಕ ಬರೆಯಿಸುತ್ತೇನೆ, ಹೆಸರಿನ ಸಮೇತ.

ಮನೆಯ ಪೈನಲ್ಲಿ ಕೆಲಸ ಇನ್ನೂ ಇದೆ. ನಾವೀಗ ಬೆಂಗಳೂರು ಪೂರ್ವ ನಗರ ಪಾಲಿಕೆ. ಪತ್ರಿಕೆಗಳು ಒಂದು ದಿನ ಆ ಹೆಸರು ಬರೆಯುತ್ತವೆ, ಇನ್ನೊಂದು ದಿನ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಎನ್ನುತ್ತವೆ, ಕೆಲವರ ಕೈ ಈಗಲೂ ಬಿಬಿಎಂಪಿ ಎಂದೇ ಬರೆಯುತ್ತದೆ. ಮೂರನ್ನೂ ಒಂದೇ ಕಪಾಟಿಗೆ ತರುವ ನಿಯಮ ಬರೆಯುತ್ತಿದ್ದೇನೆ. ವಾರ್ಡುಗಳ ಹೊಸ ಹೆಸರುಗಳನ್ನೂ ಸೇರಿಸಬೇಕು. ಸಂಘದ ಇಬ್ಬರು ತಮ್ಮ ಬೀದಿಗಳ ಹೆಸರು ಪತ್ರಿಕೆಯಲ್ಲಿ ಯಾವ್ಯಾವ ಕಾಗುಣಿತದಲ್ಲಿ ಬರುತ್ತದೆ ಎಂದು ಪಟ್ಟಿ ಮಾಡಿ ಕೊಡುತ್ತೇವೆ ಎಂದಿದ್ದಾರೆ, ಈ ಭಾನುವಾರ ಕೂತು ಹಾಕುತ್ತೇವೆ.